ಕಡೆಯ ಬೆಂಚಿಗೂ ಪಾಠ ಮುಟ್ಟಲಿ

ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರಲ್ಲಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹತ್ತು ಮನೆಯವರು ಕೇಳಲಿ, ಹತ್ತು ಸಾವಿರ ಮನೆಯವರು ಕೇಳಲಿ, ನಿಲಯ ಹೇಳುವುದು ಒಂದೇ ಸಲ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಮೇಲೇರಿದ ಎಜುಸ್ಯಾಟ್ ಉಪಗ್ರಹ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಗಳನ್ನು ಕಾಲೇಜುಗಳಿಗೆ ಮುಟ್ಟಿಸಿದ್ದು ಇದೇ ರೀತಿಯಲ್ಲಿ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ‘ಚಂದನ’ ವಾಹಿನಿಯ ‘ಸಂವೇದ’ ಪಾಠಗಳು ಮನೆ ಸೇರಿದ್ದೂ ಹೀಗೆಯೇ.

ಅಂತರಜಾಲದ ರೀತಿ ಬೇರೆ. ತರಗತಿಯ 60 ಮಕ್ಕಳು ಒಂದೇ ಪಾಠವನ್ನು ನೋಡಿದರೆ ಸಾಮಾನ್ಯವಾಗಿ 60 ಪ್ರತಿಗಳು ಹರಿದು ಬರಬೇಕು. ಒಂದೇ ಪ್ರತಿಯನ್ನು ಬೇಕೆಂದವರಿಗೆಲ್ಲ ಒಟ್ಟಿಗೆ ಹಂಚುವ ವಿಧಾನವೂ ಉಂಟು. ಅದೇ ಮಲ್ಟಿಕಾಸ್ಟ್; ಗುಂಪು ಪ್ರಸಾರ ಎನ್ನೋಣ.

ತಂತಿಯಲ್ಲಿ ಸಲೀಸಾಗಿ ಸಾಗುವ ಈ ವಿಧಾನ ವೈ-ಫೈನಲ್ಲಿ ಎಡವುತ್ತದೆ. ಒಬ್ಬರಿಗೇ ಕಳಿಸಿದಾಗ ಫೋನು ‘ಮುಟ್ಟಿತು’ ಎಂದು ತಿರುಗಿ ತಿಳಿಸುತ್ತದೆ. ತಿಳಿಸದಿದ್ದರೆ ವೈ-ಫೈ ಪೆಟ್ಟಿಗೆ ಮತ್ತೆ ಕಳಿಸುತ್ತದೆ. ಗುಂಪಿಗೆ ಕಳಿಸುವಾಗ ಈ ರಸೀದಿ ಇಲ್ಲ. ಅರವತ್ತು ಮಂದಿ ಒಮ್ಮೆಲೇ ‘ಹೂಂ’ ಎಂದರೆ ಗದ್ದಲವಾದೀತಲ್ಲ! ದೂರದವರಿಗೂ ಕೇಳಲೆಂದು ಪೆಟ್ಟಿಗೆ ನಿಧಾನವಾಗಿ ಕಳಿಸುತ್ತದೆ. ಆದರೂ ಕಡೆಯ ಬೆಂಚಿನವರಿಗೆ ಒಂದು ತುಣುಕು ತಪ್ಪಿದರೆ ತಪ್ಪಿದಂತೆಯೇ. “ತಿಳೀಲಿಲ್ರಿ ಸರ್, ಇನ್ನೊಮ್ಮೆ ಹೇಳ್ರಿ” ಎನ್ನಲು ಫೋನಿಗೆ ಬಾಯಿಲ್ಲ.

ಇದಕ್ಕೆ ಪರಿಹಾರ ಲೆಕ್ಕದಲ್ಲಿದೆ. 12, 7, 15 ಎಂಬ ಮೂರು ಸಂಖ್ಯೆಗಳನ್ನು ಕಳಿಸಿ, ಜೊತೆಗೆ ಅವುಗಳ ಮೊತ್ತ 34ನ್ನೂ ಕಳಿಸಿ. ಒಬ್ಬನಿಗೆ 7 ತಪ್ಪಿತು. 34ರಲ್ಲಿ 12 ಮತ್ತು 15 ಕಳೆದರೆ ಅದು ಸಿಕ್ಕಿತು. ಇನ್ನೊಬ್ಬಳಿಗೆ 15 ತಪ್ಪಿತು; ಅದೇ 34 ಆಕೆಗೂ ಆಸರೆ. ಬೇರೆ ಬೇರೆ ನಷ್ಟಕ್ಕೆ ಒಂದೇ ಮದ್ದು! ಎರಡು ತುಣುಕು ತಪ್ಪಿದರೆ ಒಂದು ಮೊತ್ತ ಸಾಲದು, ಹೆಚ್ಚು ಬೇಕು. ಅತಿಯಾದರೆ ಅದೇ ಹೊರೆ. ಈ ಹದ ಹಿಡಿಯುವುದೇ ಎಂಜಿನಿಯರನ ಕೆಲಸ.

ಬೇರೆ ದಾರಿಗಳೂ ಇವೆ. ಗುಂಪು ಚಿಕ್ಕದಿದ್ದರೆ ಪೆಟ್ಟಿಗೆಯೇ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕಳಿಸಬಹುದು. ಗುಂಪಿಗೆ ಕಳಿಸಿದ್ದನ್ನು ಮರಳಿ ಕಳಿಸುವ ಕ್ರಮವೂ 2012ರಲ್ಲಿ ವೈ-ಫೈ ನಿಯಮಗಳಿಗೆ ಸೇರಿತು. ಆದರೆ ಎಲ್ಲ ಸಾಧನಗಳಲ್ಲೂ ಅದಿಲ್ಲ.

ಪಾಲಕರೇ, ಶಾಲೆಗೆ ವೈ-ಫೈ ಬಂತೆಂದು ಹಿಗ್ಗಿದರೆ ಸಾಲದು. ಪಾಠ ನಡೆಯುವಾಗ ಕಡೆಯ ಬೆಂಚಿನಲ್ಲಿ ಒಮ್ಮೆ ಕುಳಿತು ನೋಡಿ. ವಿದ್ಯಾರ್ಥಿಗಳೇ, ‘ಈ ಲೆಕ್ಕ ಮುಂದೆ ಯಾತಕ್ಕೆ ಬೇಕು?’ ಎಂದು ಬೇಸರಿಸುವ ಮುನ್ನ, ಆ ಬೆಂಚಿಗೆ ಪಾಠ ಮುಟ್ಟಿಸುವುದು ಒಂದು ಕೂಡಿಸುವ, ಕಳೆಯುವ ಲೆಕ್ಕವೇ ಎಂಬುದನ್ನು ನೆನೆಯಿರಿ.