ಕಪಿಲೆಯ ದಡದಲ್ಲಿ ಮೂವತ್ತೆರಡು ಗಣಪತಿಗಳು

ನಂಜನಗೂಡಿಗೆ ಬರುವ ಭಕ್ತರ ದಾರಿ ಹೆಚ್ಚುಕಡಿಮೆ ಒಂದೇ. ಕಪಿಲೆಯ ಸ್ನಾನಘಟ್ಟದಲ್ಲಿ ಮುಳುಗು ಹಾಕುತ್ತಾರೆ, ಹರಕೆಯಿದ್ದವರು ಮುಡಿ ಕೊಡುತ್ತಾರೆ, ಶ್ರೀಕಂಠೇಶ್ವರನ ದರ್ಶನ ಮುಗಿಸಿ ಬಸ್ಸು ಹತ್ತುತ್ತಾರೆ. ಗೋಪುರಕ್ಕೆ ಎಲ್ಲರೂ ಕೈಮುಗಿಯುತ್ತಾರೆ. ದೇಗುಲದ ಗೋಡೆಯ ನೆತ್ತಿಯ ಮೇಲೆ ಗೂಡುಗೂಡಾಗಿ ಕುಳಿತ ಗಾರೆಯ ಮೂರ್ತಿಗಳತ್ತ ಮಾತ್ರ ಕಣ್ಣೆತ್ತುವವರು ಕಡಿಮೆ.

ಇವು ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೊಡುಗೆ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೂ ಅರಮನೆಯಲ್ಲಿ ಪಂಡಿತರು, ಚಿತ್ರಕಾರರು, ಶಿಲ್ಪಿಗಳ ಕೆಲಸ ನಿಲ್ಲಲಿಲ್ಲ. ದೇವತೆಗಳ ರೂಪ, ಬಣ್ಣ, ಆಯುಧಗಳನ್ನು ಶ್ಲೋಕ ಮತ್ತು ಚಿತ್ರಗಳಲ್ಲಿ ವಿವರಿಸುವ ‘ಶ್ರೀತತ್ತ್ವನಿಧಿ’ ಆ ಅರಮನೆಯಲ್ಲೇ ಹುಟ್ಟಿತು. ಒಂಬತ್ತು ನಿಧಿಗಳ ಆ ಗ್ರಂಥದ ಶಿವನಿಧಿಯಲ್ಲಿ ಗಣಪತಿಯ ಮೂವತ್ತೆರಡು ರೂಪಗಳಿವೆ. ಅದೇ ದೊರೆಯ ಅಪ್ಪಣೆಯಂತೆ ಆ ಮೂವತ್ತೆರಡೂ ನಂಜನಗೂಡಿನಲ್ಲಿ ಮತ್ತು ಚಾಮರಾಜನಗರದಲ್ಲಿ ಶಿಲ್ಪಗಳಾಗಿ ಮೂಡಿದವು. ಅರಮನೆಯ ಹಸ್ತಪ್ರತಿಯನ್ನು ತಿರುವುವ ಭಾಗ್ಯ ಕೆಲವೇ ಪಂಡಿತರದು. ದೇವಸ್ಥಾನಕ್ಕೆ ಬಂದ ರೈತನಿಗೂ ಅವನ ಮಗಳಿಗೂ ಅದೇ ಪಾಠ ಗೋಡೆಯ ಮೇಲೆ ಸಿಕ್ಕಿತು.

ಕಣ್ಣಿಟ್ಟು ನೋಡಿದರೆ ಒಬ್ಬ ಗಣಪನಂತೆ ಇನ್ನೊಬ್ಬನಿಲ್ಲ. ಬಾಲಗಣಪತಿಯ ಕೈಯಲ್ಲಿ ಬಾಳೆ, ಮಾವು, ಹಲಸು, ಕಬ್ಬು ಇರಬೇಕೆಂಬುದು ಶಾಸ್ತ್ರ. ವೀರಗಣಪತಿಗೆ ಹದಿನಾರು ತೋಳು, ತೋಳು ತುಂಬ ಆಯುಧ. ಹೇರಂಬನಿಗೆ ಐದು ಮುಖ. ಅವನು ಏರುವುದು ಇಲಿಯನ್ನಲ್ಲ, ಸಿಂಹವನ್ನು. ಕೈಯಲ್ಲಿ ಏನಿದೆ, ವಾಹನ ಯಾವುದು, ಮುಖ ಎಷ್ಟು ಎಂದು ಎಣಿಸುತ್ತ ಹೋದರೆ ಮೂರ್ತಿ ತಾನೇ ತನ್ನ ಹೆಸರು ಹೇಳುತ್ತದೆ.

ಗಾರೆ ಕೆಲಸದ ಸೊಗಸೇ ಬೇರೆ. ಕಲ್ಲಿನಲ್ಲಿ ಶಿಲ್ಪಿ ಬೇಡದ್ದನ್ನು ಕಡಿದು ತೆಗೆಯುತ್ತಾನೆ. ಗಾರೆಯಲ್ಲಿ ಇಟ್ಟಿಗೆಯ ಒಡಲಿಗೆ ಸುಣ್ಣದ ಗಾರೆಯನ್ನು ಪದರ ಪದರವಾಗಿ ಮೆತ್ತಿ ಮೈ ತುಂಬುತ್ತಾನೆ. ಕೊನೆಯ ನಯವಾದ ಪದರದಲ್ಲಿ ಕಣ್ಣುರೆಪ್ಪೆ, ಹಾರದ ಎಳೆ, ಉಗುರು ಮೂಡುತ್ತವೆ. ಮಳೆ ಬಿಸಿಲಿಗೆ ಬೇಗ ಸವೆಯುವ ಈ ಕೆಲಸಕ್ಕೆ ಆಗಾಗ ದುರಸ್ತಿ ಬೇಕು. ದಪ್ಪ ಬಣ್ಣ ಬಳಿದರೆ ಆ ಎಳೆಗಳೇ ಮುಚ್ಚಿಹೋಗುತ್ತವೆ. ಹಾಗಾಗಿ ದುರಸ್ತಿ ಗಾರೆ ಬಲ್ಲವರ ಕೈಯಲ್ಲೇ ಆಗಬೇಕು.

ದೇಗುಲದ ಒಳಗೆ ಶಿವಭಕ್ತರಾದ ಪುರಾತನರ ಮೂರ್ತಿಗಳ ಸಾಲಿದೆ; ರಾಣಿಯರೊಡನೆ ಕೈಮುಗಿದು ನಿಂತ ಮುಮ್ಮಡಿಯವರ ಭಕ್ತವಿಗ್ರಹವೂ ಇದೆ. ಎದುರಿನ ಮಹಾಗೋಪುರ 1845ರದು. ಹೊಳೆಯ ಕಡೆ ನಡೆದರೆ ಹದಿನಾರು ಕಾಲು ಮಂಟಪ ಸಿಗುತ್ತದೆ. ಕಬಿನಿ ಜಲಾಶಯದಿಂದ ಕಪಿಲೆಗೆ ನೀರು ಹೆಚ್ಚು ಬಿಟ್ಟಾಗ ಊರಿನವರು ಪ್ರವಾಹದ ಮಟ್ಟವನ್ನು ಈ ಮಂಟಪ ಎಷ್ಟು ಮುಳುಗಿತೆಂದು ನೋಡಿ ಅಳೆಯುತ್ತಾರೆ.

ಸಮಯವಿದ್ದವರು ಇದೇ ಕಪಿಲೆಯ ಜಾಡು ಹಿಡಿದು ತಿ. ನರಸೀಪುರಕ್ಕೂ ಹೋಗಬಹುದು. ಕಪಿಲೆ ಕಾವೇರಿಯನ್ನು ಕೂಡುವ ಆ ಊರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಜನರ ನಂಬಿಕೆಗೆ ಆ ಮೂರ್ತಿಯೇ ಸಾಕ್ಷಿ.

ಮೈಸೂರಿನಿಂದ ನಂಜನಗೂಡಿಗೆ ಬಸ್ಸೂ ರೈಲೂ ಇವೆ. ಮುಂದಿನ ಸಲ ದರ್ಶನ ಮುಗಿದೊಡನೆ ಹೊರಟುಬಿಡಬೇಡಿ. ಮಕ್ಕಳ ಕೈಹಿಡಿದು ದೇಗುಲಕ್ಕೆ ಒಂದು ಸುತ್ತು ಬನ್ನಿ, ತಲೆಯೆತ್ತಿ ನೋಡಿ, ಹೇರಂಬ ಎಲ್ಲಿದ್ದಾನೆಂದು ಅವರಿಂದಲೇ ಹುಡುಕಿಸಿ.