ಧಾರಾವಾಹಿ ಮುಗಿದ ಮೇಲೆ

1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ವನ್ನು ಹಿರಿಯರು ಮರೆತಿಲ್ಲ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ನಿರ್ದೇಶಿಸಿದ ಆ ಧಾರಾವಾಹಿ ಮುಗಿದರೂ ಪಾತ್ರಗಳ ಚರ್ಚೆ ಮುಗಿಯಲಿಲ್ಲ. 2022ರಲ್ಲಿ ‘ಮತ್ತೆ ಮಾಯಾಮೃಗ’ ಬಂದಾಗ ಮಾಕಳಿಯ ನಮ್ಮ ಮನೆಯಲ್ಲಿ ಹಳೆಯ ವಾದ ಮತ್ತೆ ಶುರುವಾಯಿತು.

ಇಂಥ ವಾದಕ್ಕೂ ವಿಜ್ಞಾನದ ಪಾಠಕ್ಕೂ ನಂಟಿದೆ. ‘ಅವಳು ಉತ್ತರ ಕೊಡಲಿಲ್ಲ’ ಎಂಬುದು ಕಣ್ಣಿಗೆ ಕಂಡದ್ದು. ‘ಅವಳಿಗೆ ಅವನ ಮೇಲೆ ಸಿಟ್ಟು’ ಎಂಬುದು ನಮ್ಮ ಊಹೆ. ಊಹಿಸುವುದು ತಪ್ಪಲ್ಲ; ಹಿಂದಿನ ಕಂತುಗಳಿಂದ ಆಧಾರ ಕೊಡಬೇಕು, ಅಷ್ಟೆ.

ಒಮ್ಮೆ ಶಾಲೆಯಿಂದ ಬಂದ ನನ್ನ ಮಗ ಮಾತಾಡದೆ ಕೂತ. ‘ಸೊಕ್ಕು’ ಎಂದು ಗದರಿದೆ. ಅವನಿಗೆ ಜ್ವರವಿತ್ತು. ಪಾತ್ರಗಳಿಗೆ ಆಧಾರ ಹುಡುಕುವ ಮೇಷ್ಟ್ರು ಮಗನ ಹಣೆ ಮುಟ್ಟಿ ನೋಡಿರಲಿಲ್ಲ.

ಪೋಷಕರೇ, ಮಕ್ಕಳ ಮೌನಕ್ಕೆ ಅರ್ಥ ಕಟ್ಟುವ ಮೊದಲು ವಿಚಾರಿಸಿ. ಪಾತ್ರಗಳನ್ನು ಕೇಳಲಾಗದು, ಮಕ್ಕಳನ್ನು ಕೇಳಬಹುದು.