ನಿಮ್ಮ ಮೇಕೆ ಯಾವ ತಳಿ? ಅಳೆದು ಬರೆದಿಡಿ

ಬೀದರ್ ಕಡೆಯ ಕಪ್ಪು ಬೀದ್ರಿ ಆಡು, ಬಯಲುಸೀಮೆಯ ಬಿಳಿ ನಂದಿದುರ್ಗ ಮೇಕೆ ಇವೆರಡೂ ಈಗ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿವೆ. ಯಾವ ತಳಿಯೇ ಆಗಲಿ, ಈ ಪಟ್ಟಿಗೆ ಸೇರಬೇಕಾದರೆ ಮೊದಲು ಅದರ ಮೈಲಕ್ಷಣಗಳ ದಾಖಲೆ ಬೇಕು. ಇದಕ್ಕೆ ಫಿನೋಟೈಪ್ ವಿವರಣೆ ಎನ್ನುತ್ತಾರೆ. ಅಂದರೆ ಕಣ್ಣಿಗೆ ಕಾಣುವ, ಟೇಪಿಗೆ ಸಿಗುವ ಗುಣಗಳ ಪಟ್ಟಿ.

ಬಣ್ಣ ನೋಡಿದರೆ ಸಾಲದೇ? ಸಾಲದು. ಉಸ್ಮಾನಾಬಾದಿ ಎಂಬ ಇನ್ನೊಂದು ಮೇಕೆ ತಳಿಯಲ್ಲೂ ಹೆಚ್ಚಿನವು ಕಪ್ಪೇ. ಆದ್ದರಿಂದ ಕಿವಿ ನೆಟ್ಟಗಿದೆಯೋ ಜೋತಿದೆಯೋ, ಕೊಂಬು ಯಾವ ಕಡೆ ಬಾಗಿದೆ, ಮೂಗಿನ ದಿಬ್ಬ ಉಬ್ಬಿದೆಯೋ, ಗಡ್ಡ ಇದೆಯೋ, ಕೊರಳಲ್ಲಿ ಜೋತಾಡುವ ಮೊಲೆಗಳಿವೆಯೋ ಎಲ್ಲವನ್ನೂ ಬರೆದುಕೊಳ್ಳಿ.

ಆಮೇಲೆ ವಯಸ್ಸು. ಕೆಳದವಡೆಯ ಮುಂದಿನ ಎಂಟು ಹಲ್ಲುಗಳನ್ನು ನೋಡಿ. ಎಲ್ಲವೂ ಹಾಲುಹಲ್ಲಾದರೆ ಸಾಮಾನ್ಯವಾಗಿ ವರ್ಷದೊಳಗಿನ ಮರಿ. ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷದಿಂದ ಒಂದೂವರೆ ವರ್ಷ, ನಾಲ್ಕಿದ್ದರೆ ಎರಡರ ಆಸುಪಾಸು. ಎಂಟೂ ದೊಡ್ಡ ಹಲ್ಲು ಬಂದು ಬಾಯಿಗೂಡಿದ ಮೇಕೆಯನ್ನು ಮರಿಯ ಜೊತೆ ಹೋಲಿಸಬಾರದು. ಹೆಣ್ಣು, ಹೋತಗಳ ಲೆಕ್ಕವೂ ಬೇರೆಬೇರೆಯಾಗಿರಲಿ.

ಅಳತೆಗೆ ದರ್ಜಿಯ ಟೇಪು ಸಾಕು, ಅದಕ್ಕೆ ದೊಡ್ಡ ಖರ್ಚಿಲ್ಲ. ಬೆಳಿಗ್ಗೆ ಮೇವು ಹಾಕುವ ಮೊದಲು, ಸಮತಟ್ಟು ನೆಲದ ಮೇಲೆ, ನಾಲ್ಕೂ ಕಾಲು ಊರಿ ನಿಲ್ಲಿಸಿ. ಹೆಗಲ ಎತ್ತರ, ಭುಜದ ತುದಿಯಿಂದ ಹಿಂಭಾಗದ ಮೂಳೆಯವರೆಗಿನ ಉದ್ದ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಕಿವಿ, ಕೊಂಬು, ಬಾಲ ಇಷ್ಟನ್ನೂ ಅಳೆಯಿರಿ. ತಕ್ಕಡಿ ಇಲ್ಲದಿದ್ದರೂ ತೂಕ ಅಂದಾಜಿಸಬಹುದು. ಇಂಚಿನಲ್ಲಿ ಎದೆಸುತ್ತನ್ನು ಅದೇ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ಇಂಚಿನಲ್ಲೇ ಅಳೆದ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಎದೆಸುತ್ತು 28, ಉದ್ದ 24 ಇದ್ದರೆ ಸುಮಾರು 28.5 ಕಿಲೋ. ಇದು ಅಂದಾಜು ಮಾತ್ರ. ತುಂಬು ಗರ್ಭದ ಮೇಕೆಯ ಅಳತೆ ತೆಗೆಯಬೇಡಿ.

ಯಾವ ಮೇಕೆಯನ್ನು ಅಳೆಯಬೇಕು ಎನ್ನುವಲ್ಲೇ ಹಲವರು ಎಡವುತ್ತಾರೆ. ಊರಿನ ಅತಿ ದಪ್ಪನೆಯ ಮೇಕೆಯನ್ನೇ ಅಳೆದು ತಳಿಯ ಹೆಸರಲ್ಲಿ ಬರೆದುಬಿಡುತ್ತಾರೆ. ದಾಖಲೆಗೆ ಬೇಕಿರುವುದು ಬೇರೆಬೇರೆ ಮಂದೆಗಳ, ರಕ್ತಸಂಬಂಧವಿಲ್ಲದ ಸಾಧಾರಣ ಮೇಕೆಗಳು. ಬೀಜದ ಹೋತವನ್ನು ಆರಿಸುವಾಗ ಮಾತ್ರ ಒಳ್ಳೆಯದನ್ನು ಹುಡುಕಿ. ಆಗಲೂ ಮೈಕಟ್ಟಿನ ಜೊತೆಗೆ ಅದರ ತಾಯಿ ಎಷ್ಟು ಸಲ ಅವಳಿ ಹಾಕಿತು, ಮರಿಗಳನ್ನು ಉಳಿಸಿಕೊಂಡಿತೇ ಎಂದು ಕೇಳಿ. ಹೊರಗಿನ ಎತ್ತರದ ಹೋತ ತಂದು ಬಿಟ್ಟರೆ ಮರಿ ದೊಡ್ಡದಾದೀತು, ಆದರೆ ನಿಮ್ಮ ಬಿಸಿಲು, ನಿಮ್ಮ ಕುರುಚಲು ಮೇವಿಗೆ ಒಗ್ಗಿಕೊಂಡ ರಕ್ತ ಕೆಲವೇ ಪೀಳಿಗೆಯಲ್ಲಿ ತೆಳುವಾಗುತ್ತದೆ.

ತಳಿ ನೋಂದಣಿ ನಡೆಯುವುದು ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ. ನೀವು ಮೊದಲು ಹೋಗಬೇಕಾದದ್ದು ಹತ್ತಿರದ ಪಶು ಆಸ್ಪತ್ರೆಗೆ, ಅಥವಾ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ. ನಿಮ್ಮ ಅಳತೆಪಟ್ಟಿಯನ್ನೂ ಮೇಕೆಯ ಎದುರಿನಿಂದ, ಪಕ್ಕದಿಂದ ತೆಗೆದ ಫೋಟೋಗಳನ್ನೂ ಜೊತೆಗೆ ಒಯ್ಯಿರಿ.